ಅಂಗಡಿಯಲ್ಲಿ ‘ಡ್ವಾರ್ಫ್ ಫ್ರಾಗ್’ ಅಂತ ಕೊಟ್ಟ ಎರಡು ನೀರುಕಪ್ಪೆ: ಒಂದು ಊಟ ಬಿಟ್ಟಿದೆ, ಇನ್ನೊಂದರ ಚರ್ಮ ಸುಲಿಯುತ್ತಿದೆ

ಜಯನಗರ ಮೀನುಮನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮಗಳ ಆಸೆಗೆ ಎರಡು ನೀರುಕಪ್ಪೆ ತಂದಿದ್ದೇವೆ. ಒಂದು ಪೂರ್ತಿ ಬಿಳಿ, ಕಣ್ಣು ಕೆಂಪು. ಇನ್ನೊಂದು ಬೂದು, ಬೆನ್ನ ಮೇಲೆ ಕಪ್ಪು ಮಚ್ಚೆ. ಆಫ್ರಿಕನ್ ಡ್ವಾರ್ಫ್ ಫ್ರಾಗ್, ಇದಕ್ಕಿಂತ ದೊಡ್ಡದಾಗಲ್ಲ ಅಂತ ಅಂಗಡಿಯಲ್ಲಿ ಹೇಳಿದರು. ಎರಡಡಿ ಟ್ಯಾಂಕ್. ಕೆಳಗೆ ಬಣ್ಣದ ಸಣ್ಣ ಕಲ್ಲು, ಹಿಂದಿನ ಗಾಜಿಗೆ ನೇತುಹಾಕುವ ಫಿಲ್ಟರ್, ಜೊತೆಗೆ ಗಪ್ಪಿ ಮೀನುಗಳು. ದಿನಾ ಮೀನಿನ ಕಾಳನ್ನೇ ಹಾಕುತ್ತೇವೆ.

ಬಿಳಿ ಕಪ್ಪೆಯ ಮೈಯಿಂದ ತೆಳ್ಳಗೆ ಪೊರೆ ತರ ಏನೋ ಕಳಚುತ್ತಿದೆ. ಬೂದು ಕಪ್ಪೆ ಊಟ ಮುಟ್ಟುತ್ತಿಲ್ಲ, ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಗಪ್ಪಿಗಳೂ ಒಂದೊಂದಾಗಿ ಕಾಣೆಯಾಗುತ್ತಿವೆ. ಅಂಗಡಿಯಲ್ಲಿ ಒಂದು ಹಸಿರು ಬಾಟಲಿ ಔಷಧ ಕೊಟ್ಟು, ದಿನಾ ಕೆಲವು ಹನಿ ಹಾಕಿ ಅಂದಿದ್ದಾರೆ. ಇನ್ನೂ ಹಾಕಿಲ್ಲ. ಹಾಕಲಾ? ಮಗಳು ಸ್ಕೂಲಿಂದ ಬಂದ ತಕ್ಷಣ ಟ್ಯಾಂಕ್ ಮುಂದೆ ಕೂರುತ್ತಾಳೆ. ದಯವಿಟ್ಟು ಬೇಗ ಹೇಳಿ.

ಕೆಂಗೇರಿ ಕೊಳ (ಬೆಂಗಳೂರು)

ಮೇಡಂ, ಆ ಹಸಿರು ಬಾಟಲಿಯನ್ನು ಎತ್ತಿಡಿ. ಒಂದು ಹನಿಯೂ ಬೇಡ. ಬಹುಶಃ ಮ್ಯಾಲಕೈಟ್ ಗ್ರೀನ್ ಇರುವ ಮೀನಿನ ಔಷಧ ಅದು. ಕಪ್ಪೆಯ ಚರ್ಮ ಮೀನಿನ ಚರ್ಮದ ಹಾಗಲ್ಲ. ಅದಕ್ಕೆ ಚಿಪ್ಪಿಲ್ಲ. ನೀರಲ್ಲಿ ಏನಿದ್ದರೂ ನೇರ ಒಳಕ್ಕೆ ಹೋಗುತ್ತದೆ. ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್, ತಾಮ್ರ ಸೇರಿದ ಔಷಧಗಳು ಮೀನಿಗೆ ಗುಣ ಕೊಡುವ ಪ್ರಮಾಣದಲ್ಲೇ ಕಪ್ಪೆಯನ್ನು ಕೊಲ್ಲಬಹುದು.

ಈಗ ಇದಿಷ್ಟು ಹೇಳಿ. ಮುಂಗಾಲಿನ ಬೆರಳುಗಳ ನಡುವೆ ಪೊರೆ ಇದೆಯಾ, ಅಥವಾ ಬೆರಳು ಬಿಡಿ ಬಿಡಿಯಾಗಿ ಇವೆಯಾ? ಕಣ್ಣು ತಲೆಯ ಪಕ್ಕದಲ್ಲಿವೆಯಾ, ತಲೆಯ ಮೇಲಿವೆಯಾ? ನೀರು ಯಾವುದು, ಕಾವೇರಿಯಾ, ಬೋರಾ, ಟ್ಯಾಂಕರಾ? ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹನಿ ಹಾಕುತ್ತೀರಾ? ಟ್ಯಾಂಕ್ ಇಟ್ಟು ಎಷ್ಟು ಕಾಲ ಆಯಿತು? ಅಮೋನಿಯಾ ಟೆಸ್ಟ್ ಕಿಟ್ ಇದ್ದರೆ ಇವತ್ತೇ ನೋಡಿ.

ಜಯನಗರ ಮೀನುಮನೆ

ಬೇಗ ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್. ಮುಂಗಾಲಿನ ಬೆರಳು ಬಿಡಿ ಬಿಡಿಯಾಗಿವೆ, ಪೊರೆ ಇಲ್ಲ. ಹಿಂಗಾಲಿನಲ್ಲಿ ಮಾತ್ರ ಪೊರೆ, ಮೂರು ಬೆರಳ ತುದಿಯಲ್ಲಿ ಚಿಕ್ಕ ಕಪ್ಪು ಉಗುರು. ಕಣ್ಣು ತಲೆಯ ಮೇಲಿವೆ, ಆಕಾಶ ನೋಡುತ್ತಿರುವ ಹಾಗೆ. ನಮ್ಮ ಸಂಪಿನಲ್ಲಿ ಕಾವೇರಿ ನೀರು, ಟ್ಯಾಂಕರ್ ನೀರು ಎರಡೂ ಸೇರಿರುತ್ತವೆ. ನೀರನ್ನು ಬಕೆಟ್‌ನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಹಾಕುತ್ತೇವೆ. ಟ್ಯಾಂಕ್ ಇಟ್ಟ ವಾರವೇ ಕಪ್ಪೆ ತಂದಿದ್ದು, ಇನ್ನೂ ತಿಂಗಳಾಗಿಲ್ಲ. ಪಕ್ಕದ ಮನೆಯವರ ಕಿಟ್‌ನಲ್ಲಿ ನೋಡಿದೆವು. ಅಮೋನಿಯಾ ಬಣ್ಣ ಕಡು ಹಸಿರು ಬಂತು, ಚಾರ್ಟ್‌ನಲ್ಲಿ 2ರ ಹತ್ತಿರ ಇದೆ.

ಕೆಂಗೇರಿ ಕೊಳ

ಹಾಗಾದರೆ ಮೊದಲ ವಿಷಯ. ನಿಮ್ಮ ಹತ್ತಿರ ಇರುವುದು ಡ್ವಾರ್ಫ್ ಫ್ರಾಗ್ ಅಲ್ಲ. ಎರಡೂ ಆಫ್ರಿಕನ್ ಕ್ಲಾಡ್ ಫ್ರಾಗ್, ಅಂದರೆ ಉಗುರಿರುವ ಕಪ್ಪೆ. ವಿಜ್ಞಾನದ ಹೆಸರು ಜೆನೋಪಸ್ ಲೇವಿಸ್, ದಕ್ಷಿಣ ಆಫ್ರಿಕಾ ಕಡೆಯದು. ಡ್ವಾರ್ಫ್ ಅಂದರೆ ಹೈಮೆನೋಕೈರಸ್, ಕಾಂಗೋ, ಕ್ಯಾಮರೂನ್ ಕಡೆಯ ಕಾಡಿನ ನೀರಿನದು. ಎರಡೂ ಪೈಪಿಡೇ ಅನ್ನುವ ಒಂದೇ ಕುಟುಂಬ. ಎರಡಕ್ಕೂ ನಾಲಿಗೆ ಇಲ್ಲ. ಎರಡೂ ಬದುಕೆಲ್ಲ ನೀರಲ್ಲೇ ಕಳೆಯುತ್ತವೆ, ಉಸಿರಿಗೆ ಮಾತ್ರ ಮೇಲೆ ಬರುತ್ತವೆ. ಮರಿಯಾಗಿದ್ದಾಗ ಗುರುತು ಹಿಡಿಯೋದು ಕಷ್ಟ, ಅದಕ್ಕೇ ಅಂಗಡಿಗಳಲ್ಲಿ ಹೆಸರು ಅದಲು ಬದಲಾಗುತ್ತದೆ.

ನಂಬಬಹುದಾದ ಗುರುತು ಮುಂಗಾಲು. ಡ್ವಾರ್ಫ್‌ಗೆ ನಾಲ್ಕೂ ಕಾಲಿನಲ್ಲಿ ಪೊರೆ ಇರುತ್ತದೆ. ಕ್ಲಾಡ್‌ಗೆ ಮುಂದಿನದು ಬಿಡಿ ಬೆರಳು. ಕ್ಲಾಡ್ ಕಪ್ಪೆಯ ಪಕ್ಕೆಯಲ್ಲಿ ದಾರದಿಂದ ಹೊಲಿಗೆ ಹಾಕಿದ ಹಾಗೆ ಚುಕ್ಕಿ ಗೆರೆಗಳೂ ಕಾಣುತ್ತವೆ. ಅದು ನೀರಿನ ಅಲುಗಾಟ ಗೊತ್ತುಮಾಡಿಕೊಳ್ಳುವ ಅಂಗ. ಇನ್ನು ಬಿಳಿ ಬಣ್ಣ, ಕೆಂಪು ಕಣ್ಣು ಇದ್ದರೆ ಅದು ಕ್ಲಾಡ್ ಅಂತಲೇ ಇಟ್ಟುಕೊಳ್ಳಿ.

ಇದು ಯಾಕೆ ಮುಖ್ಯ ಗೊತ್ತಾ? ಡ್ವಾರ್ಫ್ ಕಪ್ಪೆ 3-4 ಸೆಂಟಿಮೀಟರಿಗೆ ನಿಲ್ಲುತ್ತದೆ. ನಿಮ್ಮದು ಹೆಣ್ಣಾದರೆ 10-12 ಸೆಂಟಿಮೀಟರ್, ಮುಷ್ಟಿ ತುಂಬುವಷ್ಟು ಬೆಳೆಯುತ್ತದೆ. ಗಂಡು ಸ್ವಲ್ಪ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ 15 ವರ್ಷ ಬದುಕುತ್ತದೆ, 20 ದಾಟಿದ್ದೂ ಇವೆ. ನಿಮ್ಮ ಮಗಳು ಕಾಲೇಜು ಮುಗಿಸುವಾಗಲೂ ಈ ಕಪ್ಪೆ ಇರಬಹುದು. ಆ ಲೆಕ್ಕದಲ್ಲಿ ಯೋಚಿಸಿ.

ಗಪ್ಪಿಗಳು ಕಾಣೆಯಾಗಿದ್ದಕ್ಕೆ ಬೇರೆ ಕಾರಣ ಹುಡುಕಬೇಡಿ. ಬಾಯಿಗೆ ಹಿಡಿಸುವ ಯಾವ ಜೀವವನ್ನೂ ಕ್ಲಾಡ್ ಕಪ್ಪೆ ಬಿಡುವುದಿಲ್ಲ. ಉಳಿದ ಗಪ್ಪಿಗಳನ್ನು ಇವತ್ತೇ ಬೇರೆ ಕಡೆ ಹಾಕಿ.

ಹುಬ್ಬಳ್ಳಿ ಹವ್ಯಾಸಿ

ಜಾತಿ ವಿಷಯ ಸರಿ ಅದ. ಆದ್ರ ಈಗ ಅವಸರ ಇರೋದು ಅಮೋನಿಯಾದ್ದು. ಅಕ್ಕಾರ, ಬೂದು ಕಪ್ಪೆ ಊಟ ಬಿಟ್ಟಿರೋದಕ್ಕ ನನ್ನ ಪ್ರಕಾರ ಅದೇ ಕಾರಣ.

ಹೊಸ ಟ್ಯಾಂಕಿನಲ್ಲಿ ಕಪ್ಪೆಯ ಹೇಸಿಗೆ, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನಲ್ಲಿ ನೆಲೆ ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಿಮ್ಮ ಟ್ಯಾಂಕ್ ಇನ್ನೂ ಆ ಹಂತದಲ್ಲೇ ಇದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 40 ದಾಟಬಾರದು. ಪಿಎಚ್ ಮತ್ತು ಬಿಸಿ ಜಾಸ್ತಿ ಆದಷ್ಟೂ ಅಮೋನಿಯಾದ ವಿಷ ಜಾಸ್ತಿ. ಟ್ಯಾಂಕರ್ ನೀರು ಹೆಚ್ಚಾಗಿ ಬೋರಿನದು, ಪಿಎಚ್ ಮೇಲೇ ಇರುತ್ತದೆ. ಅದನ್ನೂ ಒಮ್ಮೆ ನೋಡಿ.

ಇವತ್ತು ಅರ್ಧ ನೀರು ಬದಲಿಸಿ. ನಾಳೆ ಮತ್ತೆ ಟೆಸ್ಟ್ ಮಾಡಿ, ಬಣ್ಣ ಇಳಿದಿಲ್ಲ ಅಂದರೆ ಮತ್ತೆ ಅರ್ಧ. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ತಂಪಿರಬೇಕು. ಗೀಸರ್ ನೀರು ಬೆರೆಸಿ ಬೆಚ್ಚಗೆ ಮಾಡಬೇಡಿ, ಕೆಲವು ಗೀಸರ್‌ಗಳ ಒಳಗೆ ತಾಮ್ರ ಇರುತ್ತದೆ. ರಾತ್ರಿ ಬಕೆಟ್‌ನಲ್ಲಿ ಇಟ್ಟರೆ ಕ್ಲೋರಿನ್ ಬಹಳಷ್ಟು ಹಾರಿಹೋಗುತ್ತದೆ, ನಿಜ. ಆದರೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಇದ್ದರೆ ಹಾರುವುದಿಲ್ಲ. ಆಂಟಿ ಕ್ಲೋರಿನ್ ಹಾಕೋದೇ ಭದ್ರ. ಅದಕ್ಕೆ ಖರ್ಚೂ ಕಮ್ಮಿ.

ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ಉಜ್ಜಿ ಫಳಫಳ ಮಾಡಬೇಡಿ. ಇರೋ ಬ್ಯಾಕ್ಟೀರಿಯಾನೂ ಹೋಗ್ತಾವ. ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲೇ ಹಿಂಡಿ.

ಬಳ್ಳಾರಿ ಬಿಸಿಲು

ಟ್ಯಾಂಕರ್ ನೀರಿನ ತಾಪತ್ರಯವೇ ಬೇಡ ಅಂತ ನಮ್ಮ ಮನೆಯ ಆರ್‌ಓ ಯಂತ್ರದ ನೀರನ್ನೇ ಹಾಕಿದರೆ ಹೇಗೆ? ನಾವು ಕುಡಿಯೋದೇ ಕಪ್ಪೆಗೂ ಒಳ್ಳೇದಲ್ವಾ?

ಹುಬ್ಬಳ್ಳಿ ಹವ್ಯಾಸಿ

ಪೂರ್ತಿ ಆರ್‌ಓ ನೀರು ಬೇಡ ಅಣ್ಣಾ. ಅದರಲ್ಲಿ ಲವಣಗಳು ತೀರಾ ಕಮ್ಮಿ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಹೊರಗೆ ಲವಣ ಇಲ್ಲದಿದ್ದರೆ ಮೈಯೊಳಗಿನ ಲೆಕ್ಕ ತಪ್ಪುತ್ತದೆ. ಪಿಎಚ್ ಕೂಡ ಒಂದೇ ಕಡೆ ನಿಲ್ಲೋದಿಲ್ಲ. ಬೋರ್ ನೀರು ತುಂಬಾ ಗಡಸಾಗಿದ್ದರೆ ಸ್ವಲ್ಪ ಆರ್‌ಓ ಬೆರೆಸಬಹುದು. ಯಾವ ಪ್ರಮಾಣದಲ್ಲಿ ಬೆರೆಸುತ್ತೀರೋ ಪ್ರತಿ ಸಲ ಅದೇ ಇರಲಿ.

ಜೀವಶಾಸ್ತ್ರ ಮೇಷ್ಟ್ರು (ಮೈಸೂರು)

ಚರ್ಮದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ.

ಕಪ್ಪೆ ಚರ್ಮ ಕಳಚುವುದು ಸಹಜ. ಆಗಾಗ ತೆಳ್ಳನೆಯ ಪೊರೆ ಬಿಡುತ್ತದೆ, ಕೈಯಿಂದ ಬಾಯಿಗೆ ತಳ್ಳಿಕೊಂಡು ಅದನ್ನೇ ತಿಂದುಬಿಡುತ್ತದೆ. ಪೊರೆ ಹೋದ ಮೇಲೆ ಮೈ ನುಣ್ಣಗೆ, ಬಣ್ಣ ಗಾಢವಾಗಿ ಕಂಡರೆ ಏನೂ ಚಿಂತೆ ಇಲ್ಲ. ಹತ್ತಿಯ ಎಳೆಗಳ ಥರ ಬಿಳಿ ಗುಪ್ಪೆ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಅದು ನೀರಿನ ಬೂಷ್ಟು, ಹೆಚ್ಚಾಗಿ ಗಾಯದ ಮೇಲೆ ಬರುತ್ತದೆ. ಹೊಟ್ಟೆಯ ಕೆಳಗೆ, ತೊಡೆಯ ಒಳಭಾಗದಲ್ಲಿ ಕೆಂಪು ಏರಿದರೆ ರೆಡ್ ಲೆಗ್ ಅನ್ನುತ್ತಾರೆ. ಏರೋಮೊನಾಸ್ ಥರದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದರ ಗುರುತು ಅದು. ಈ ಬ್ಯಾಕ್ಟೀರಿಯಾ ಎಲ್ಲ ನೀರಲ್ಲೂ ಇರುತ್ತದೆ, ನೀರು ಕೆಟ್ಟು ಕಪ್ಪೆ ಸೋತಾಗ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ವೈದ್ಯರ ಕೆಲಸ.

ಇನ್ನೊಂದಿದೆ, ಇದನ್ನು ಗಮನವಿಟ್ಟು ಓದಿ. ಕೈಟ್ರಿಡ್ ಅನ್ನುವ ಶಿಲೀಂಧ್ರ. ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಅಂತ ಇದಕ್ಕೆ ಹೆಸರಿಟ್ಟು ವಿವರಿಸಿದ್ದು 1999ರಲ್ಲಿ. ಕಪ್ಪೆಯ ಚರ್ಮವನ್ನೇ ಹಿಡಿಯುತ್ತದೆ. ಚರ್ಮದ ಮೂಲಕ ನಡೆಯುವ ಲವಣಗಳ ಓಡಾಟ ಕೆಟ್ಟು ಕೊನೆಗೆ ಹೃದಯ ನಿಲ್ಲುತ್ತದೆ. 2019ರಲ್ಲಿ ಬಂದ ಒಂದು ಜಾಗತಿಕ ಅಧ್ಯಯನದ ಪ್ರಕಾರ ಸುಮಾರು 500 ಜಾತಿಯ ಕಪ್ಪೆ ಬಳಗದ ಜೀವಿಗಳು ಇದರಿಂದ ಕುಸಿದಿವೆ, ಅದರಲ್ಲಿ 90 ಜಾತಿ ಅಳಿದೇ ಹೋಗಿವೆ ಅಂತ ಅಂದಾಜು. ಕ್ಲಾಡ್ ಕಪ್ಪೆ ಇದನ್ನು ಮೈಮೇಲೆ ಹೊತ್ತೂ ಆರಾಮಾಗಿ ಓಡಾಡಿಕೊಂಡಿರಬಲ್ಲದು. ಡ್ವಾರ್ಫ್ ಕಪ್ಪೆಗೆ ಬಂದರೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಚರ್ಮ ಬಿಡುತ್ತಲೇ ಇರುತ್ತದೆ, ಊಟ ಬಿಡುತ್ತದೆ, ನೀರಿಂದ ಹೊರಗೆ ಹತ್ತಲು ನೋಡುತ್ತದೆ. ಹಾಗಾಗಿ ಈ ಎರಡು ಜಾತಿಯನ್ನು ಒಂದೇ ಟ್ಯಾಂಕಿನಲ್ಲಿ ಯಾವತ್ತೂ ಇಡಬೇಡಿ. ಒಂದರ ಬಲೆ, ಪೈಪು ಇನ್ನೊಂದಕ್ಕೆ ಬಳಸಬೇಡಿ. ದೊಡ್ಡದು ಚಿಕ್ಕದನ್ನು ತಿನ್ನುವುದು ಅದರ ಮೇಲಿನ ಮಾತು.

ನಿಮ್ಮ ಬಿಳಿ ಕಪ್ಪೆ ಊಟ ಮಾಡುತ್ತಿದೆ, ಚುರುಕಾಗಿದೆ ಅಂದರೆ ಅದು ಮಾಮೂಲಿ ಪೊರೆ. ಆದರೆ ಅಮೋನಿಯಾ ಚರ್ಮಕ್ಕೆ ಉರಿ ಹತ್ತಿಸುತ್ತದೆ, ಅದರಿಂದಲೂ ಪೊರೆ ಬಿಡುವುದು ಜಾಸ್ತಿಯಾಗುತ್ತದೆ. ನೀರು ಸರಿಮಾಡಿ ಕಾಯಿರಿ.

ಈ ಪ್ರಾಣಿಯ ಬಗ್ಗೆ ನನಗೆ ತುಂಬಾ ಗೌರವ. 1930ರ ದಶಕದಿಂದ 60ರ ದಶಕದವರೆಗೆ ಹಲವು ದೇಶಗಳಲ್ಲಿ ಬಸಿರಿನ ಪರೀಕ್ಷೆ ಮಾಡುತ್ತಿದ್ದುದು ಇದೇ ಕಪ್ಪೆಯಿಂದ. ಹೆಂಗಸಿನ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚಿದರೆ, ಬಸಿರಿದ್ದಲ್ಲಿ ಕಪ್ಪೆ ಮರುದಿನದೊಳಗೆ ಮೊಟ್ಟೆ ಇಡುತ್ತಿತ್ತು. ಕಪ್ಪೆಯನ್ನು ಕೊಲ್ಲಬೇಕಿರಲಿಲ್ಲ. ವಿಜ್ಞಾನಿ ಜಾನ್ ಗರ್ಡನ್ ಇದೇ ಕಪ್ಪೆಯ ಜೀವಕೋಶಗಳ ಮೇಲೆ ಮಾಡಿದ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. ಇದರ ಚರ್ಮದಲ್ಲಿ ರೋಗಾಣುಗಳನ್ನು ಕೊಲ್ಲುವ ಮಗೈನಿನ್ ಅನ್ನುವ ಪದಾರ್ಥ ಇದೆ ಅಂತ 1987ರಲ್ಲಿ ಗೊತ್ತಾಯಿತು. ಹೊಲಸು ನೀರಲ್ಲೂ ಇದರ ಗಾಯ ಒಣಗುವುದನ್ನು ನೋಡಿ ಶುರುವಾದ ಹುಡುಕಾಟ ಅದು. ಆದರೆ ಗಟ್ಟಿಮುಟ್ಟು ಅಂತ ಹೊಲಸು ನೀರಲ್ಲಿ ಇಡೋದು ನ್ಯಾಯವಲ್ಲ.

ಫ್ರೀಮಾಂಟ್ ಕನ್ನಡತಿ (ಕ್ಯಾಲಿಫೋರ್ನಿಯಾ)

ನಾನು ಇಲ್ಲಿ ನಿಜವಾದ ಡ್ವಾರ್ಫ್ ಕಪ್ಪೆ ಸಾಕಿದ್ದೇನೆ. ಕ್ಲಾಡ್ ಕಪ್ಪೆ ಈ ರಾಜ್ಯದಲ್ಲಿ ಸಾಕೋ ಹಾಗೇ ಇಲ್ಲ, ಕಾನೂನಿನಲ್ಲಿ ನಿಷೇಧ. ಮುಂದೆ ಯಾರಾದರೂ ಡ್ವಾರ್ಫ್ ತರುವವರಿದ್ದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಡ್ವಾರ್ಫ್ ಕಪ್ಪೆ, ಒಂದು ಬಿದಿರು ಕಡ್ಡಿ ಹಾಕಿ ಉಡುಗೊರೆ ಅಂಗಡಿಗಳಲ್ಲಿ ಮಾರುತ್ತಾರೆ. ಫಿಲ್ಟರ್ ಇಲ್ಲ, ಹೀಟರ್ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ಕಪ್ಪೆಗೆ ಕಡಿಮೆ ಅಂದರೂ 20 ಲೀಟರ್ ಬೇಕು, 40 ಇದ್ದರೆ ನೀರು ಬೇಗ ಕೆಡಲ್ಲ. ಟ್ಯಾಂಕ್ ಅಗಲವಾಗಿರಲಿ, ತುಂಬಾ ಎತ್ತರ ಬೇಡ. ಪ್ರತಿ ಉಸಿರಿಗೂ ಅವು ತಳದಿಂದ ಮೇಲಕ್ಕೆ ಈಜಬೇಕು, ಹುಷಾರಿಲ್ಲದ ಕಪ್ಪೆಗೆ ಆಳದ ಟ್ಯಾಂಕೇ ಅಪಾಯ. ನೀರು 24ರಿಂದ 26 ಡಿಗ್ರಿ. ಸ್ಪಂಜ್ ಫಿಲ್ಟರ್ ಸಾಕು, ನೀರು ರಭಸವಾಗಿ ಹರಿಯಬಾರದು. ಮುಚ್ಚಳ ಇರಲೇಬೇಕು. ಚಿಕ್ಕ ಸಂದಿಯಿಂದಲೂ ಹಾರಿ, ನೆಲದ ಮೇಲೆ ಒಣಗಿ ಸಾಯುತ್ತವೆ.

ಊಟದ್ದೇ ದೊಡ್ಡ ಕಥೆ. ಇವುಗಳ ಕಣ್ಣು ಮಂದ. ವಾಸನೆ ಮೇಲೆ ಹುಡುಕುತ್ತವೆ, ನಿಧಾನ. ಜೊತೆಯಲ್ಲಿ ಮೀನು ಇದ್ದರೆ ಎಲ್ಲಾ ಅವೇ ಮುಗಿಸುತ್ತವೆ, ಕಪ್ಪೆ ಸದ್ದಿಲ್ಲದೆ ಬಡಕಲಾಗುತ್ತದೆ. ಎಷ್ಟೋ ಡ್ವಾರ್ಫ್ ಕಪ್ಪೆಗಳು ರೋಗದಿಂದಲ್ಲ, ಹಸಿವಿನಿಂದ ಸಾಯುತ್ತವೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾನು ತಳದಲ್ಲಿ ಒಂದು ಮಣ್ಣಿನ ತಟ್ಟೆ ಇಟ್ಟಿದ್ದೇನೆ. ಫ್ರೋಜನ್ ಬ್ಲಡ್ ವರ್ಮ್ (ಸಣ್ಣ ಕೆಂಪು ಹುಳು) ಕರಗಿಸಿ ಡ್ರಾಪರ್‌ನಲ್ಲಿ ಆ ತಟ್ಟೆಗೇ ಬಿಡುತ್ತೇನೆ. ಬದಲಾವಣೆಗೆ ಬ್ರೈನ್ ಶ್ರಿಂಪ್, ಡಾಫ್ನಿಯಾ ಥರದ ನೀರಿನ ಸಣ್ಣ ಜೀವಿಗಳು. ಬೆಳೆದ ಕಪ್ಪೆಗೆ ದಿನ ಬಿಟ್ಟು ದಿನ ಸಾಕು. ಈಗ ತಟ್ಟೆ ಅಲುಗಿದರೆ ಸಾಕು, ಎಲ್ಲಿದ್ದರೂ ಬರುತ್ತವೆ. ಒಣಗಿಸಿದ ಹುಳು ಕೊಡುವುದಾದರೆ ಮೊದಲು ನೀರಲ್ಲಿ ನೆನೆಸಿ, ಹಾಗೇ ಕೊಟ್ಟರೆ ಹೊಟ್ಟೆಯಲ್ಲಿ ಉಬ್ಬುತ್ತದೆ.

ಕೈಕಾಲು ಚಾಚಿ ಅಲುಗಾಡದೆ ತೇಲುತ್ತಿದ್ದರೆ ಗಾಬರಿಯಾಗಬೇಡಿ, ಅದು ಅವುಗಳ ವಿಶ್ರಾಂತಿ. ರಾತ್ರಿ ಟ್ಯಾಂಕಿನಿಂದ ಸಣ್ಣಗೆ ಗುಂಯ್ ಅಂತ ಬಂದರೆ ಅದು ಗಂಡಿನ ಹಾಡು. ಗಂಡಿಗೆ ಮುಂಗಾಲಿನ ಹಿಂದೆ, ಕಂಕುಳ ಹತ್ತಿರ ಬಿಳಿಚಿದ ಚಿಕ್ಕ ಗುಳ್ಳೆ ಇರುತ್ತದೆ. ಅದನ್ನೂ ಗಾಯ ಅಂತ ತಿಳಿದು ಔಷಧ ಹಾಕುವವರಿದ್ದಾರೆ. ಬೇಡ.

ಕರಾವಳಿ ಟ್ಯಾಂಕ್ (ಮಂಗಳೂರು)

ಡ್ವಾರ್ಫ್‌ಗೆ 24-26 ಅಂದರಲ್ಲ, ಕ್ಲಾಡ್ ಕಪ್ಪೆಗೆ ಅದು ಜಾಸ್ತಿ. ಅದು ತಂಪು ನೀರಿನ ಪ್ರಾಣಿ, 18ರಿಂದ 22 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಬೆಂಗಳೂರಿನವರಿಗೆ ವರ್ಷದ ಬಹುಪಾಲು ಅದು ಕಷ್ಟವಲ್ಲ. ಮಾರ್ಚ್‌ನಿಂದ ಮೇವರೆಗೆ ಹುಷಾರು. ಕಪ್ಪೆ ಟ್ಯಾಂಕಿಗೆ ಹೀಟರ್ ಇದ್ದರೆ ತೆಗೆದುಬಿಡಿ. ಟ್ಯಾಂಕ್ ಕಿಟಕಿ ಬಿಸಿಲಿಗೆ ಬೀಳಬಾರದು. ಮುಚ್ಚಳದ ಬದಲು ಬಿಗಿಯಾದ ಜಾಲರಿ ಹಾಕಿ, ನೀರಿನ ಮೇಲೆ ಗಾಳಿ ಬೀಸುವ ಹಾಗೆ ಒಂದು ಚಿಕ್ಕ ಫ್ಯಾನ್ ಇಡಿ. ನೀರು ಆವಿಯಾಗುತ್ತಾ 2-3 ಡಿಗ್ರಿ ಇಳಿಯುತ್ತದೆ. ಐಸ್ ತುಂಡು ನೇರ ಹಾಕಬೇಡಿ, ಏರಿಳಿತ ಅದಕ್ಕೆ ಆಗಲ್ಲ.

ನಮ್ಮೂರಲ್ಲಿ ಸೆಕೆಯ ಜೊತೆ ಗಾಳಿಯಲ್ಲೂ ತೇವ, ಆವಿಯಾಗುವುದೇ ಕಮ್ಮಿ, ಫ್ಯಾನ್ ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕೇ ಮಂಗಳೂರು, ಉಡುಪಿ ಕಡೆಯವರು ಯಾರಾದರೂ ಕೇಳಿದರೆ ಕ್ಲಾಡ್ ಕಪ್ಪೆ ಬೇಡ ಅಂತಲೇ ಹೇಳುತ್ತೇನೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಹಾಕುವಷ್ಟು ಮನಸ್ಸಿದ್ದರೆ ಬೇರೆ ಮಾತು.

ಇನ್ನೊಂದು ವಿಷಯ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಲೆ ಸ್ಪ್ರೇ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಕಪ್ಪೆಗೂ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ, ಕಪ್ಪೆಯೂ ಅದೇ ಗಾಳಿಯನ್ನು ಉಸಿರಾಡುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಇವು ಬೇಡ. ದೇವರ ಕೋಣೆ ಪಕ್ಕ ಟ್ಯಾಂಕ್ ಇದ್ದರೆ ಧೂಪದ ಹೊಗೆ ಹೋಗಲು ಕಿಟಕಿ ತೆರೆದಿಡಿ.

ಕರೆಂಟ್ ಹೋದರೆ ಕಪ್ಪೆಗೆ ತಕ್ಷಣ ಏನೂ ಆಗಲ್ಲ, ಮೇಲೆ ಬಂದು ಉಸಿರಾಡುತ್ತದೆ. ಆದರೆ ಫಿಲ್ಟರ್ ಹಲವು ಗಂಟೆ ನಿಂತರೆ ಸ್ಪಂಜಿನ ಬ್ಯಾಕ್ಟೀರಿಯಾ ಸಾಯಲು ಶುರು. ಯುಪಿಎಸ್‌ಗೆ ಏರ್ ಪಂಪ್ ಒಂದನ್ನು ಜೋಡಿಸಿಡಿ.

ಜಯನಗರ ಮೀನುಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಪ್ಪಿಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ನೀರು ಬದಲಿಸುತ್ತಾ ಬಂದೆವು, ಅಮೋನಿಯಾ 0.5ಕ್ಕೆ ಇಳಿದಿದೆ. ಬಿಳಿ ಕಪ್ಪೆ ತನ್ನ ಪೊರೆ ತಾನೇ ತಿನ್ನುವುದನ್ನು ಮಗಳು ನೋಡಿದಳು! ಬೂದು ಕಪ್ಪೆ ಸ್ವಲ್ಪ ಓಡಾಡುತ್ತಿದೆ, ಆದರೆ ಹೊಟ್ಟೆ ದಪ್ಪಗೆ ಕಾಣುತ್ತಿದೆ. ಮತ್ತೆ, ನೆಲದ ಕಲ್ಲು ತೆಗೆಯಬೇಕಾ? ಕಾಳು ಬಿಟ್ಟು ಏನು ಕೊಡಲಿ?

ಕೆಂಗೇರಿ ಕೊಳ

ಕಲ್ಲು ಇವತ್ತೇ ತೆಗೆಯಿರಿ. ಕಾರಣ ಕೇಳಿ. ನಾಲಿಗೆ ಇಲ್ಲದ ಕಪ್ಪೆ ಊಟವನ್ನು ಎರಡೂ ಕೈಯಿಂದ ಬಾಯಿಗೆ ತುರುಕುತ್ತದೆ, ನೀರಿನ ಸಮೇತ ಎಳೆದುಕೊಳ್ಳುತ್ತದೆ. ಸಣ್ಣ ಕಲ್ಲೂ ಜೊತೆಗೆ ಹೋಗುತ್ತದೆ. ಕರುಳಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ದಪ್ಪ, ಊಟ ಬಂದ್. ನಿಮ್ಮ ಬೂದು ಕಪ್ಪೆಯದ್ದೂ ಅದೇ ಇರಬಹುದು. ತಳ ಬರಿಗಾಜು ಇರಲಿ, ಇಲ್ಲವೇ ನುಣುಪು ಮರಳು, ಇಲ್ಲವೇ ಕಪ್ಪೆಯ ತಲೆಗಿಂತ ದೊಡ್ಡ ಹೊಳೆಗಲ್ಲು. ಅಡಗಲು ಒಂದು ಮಣ್ಣಿನ ಕುಂಡ ಅಡ್ಡ ಮಲಗಿಸಿ, ಅಂಚು ಚೂಪಾಗಿರಬಾರದು.

ನೇತುಹಾಕುವ ಫಿಲ್ಟರಿನ ನೀರಿನ ರಭಸವನ್ನೂ ಕಮ್ಮಿ ಮಾಡಿ. ಮೈಪೂರ್ತಿ ನೀರಿನ ಅಲುಗಾಟ ಕೇಳಿಸಿಕೊಳ್ಳುವ ಪ್ರಾಣಿಗೆ ಸದಾ ಹರಿವು ಇದ್ದರೆ ನೆಮ್ಮದಿ ಇಲ್ಲ. ನೀರು ಎಳೆಯುವ ಬಾಯಿಗೆ ಸ್ಪಂಜ್ ಕಟ್ಟಿ, ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ.

ಹೊಟ್ಟೆ ದಪ್ಪಕ್ಕೆ ಮೂರು ಕಾರಣ ಇರಬಹುದು. ಹೆಣ್ಣು ಮೊಟ್ಟೆ ತುಂಬಿಕೊಂಡರೆ ಸೊಂಟದ ಕಡೆ ಅಗಲ, ಮೇಲಿಂದ ನೋಡಿದರೆ ಪೇರಳೆ ಹಣ್ಣಿನ ಆಕಾರ, ಊಟ ಚುರುಕು. ಆದರೆ ನಿಮ್ಮದಿನ್ನೂ ಮರಿ, ಅದಲ್ಲ. ಮಲಬದ್ಧತೆ ಆದರೆ ಹೊಟ್ಟೆ ಮಾತ್ರ ಗಟ್ಟಿ. ಮೂರನೆಯದು ಬ್ಲೋಟ್, ನೀರು ತುಂಬಿಕೊಳ್ಳುವ ಕಾಯಿಲೆ. ಅದರಲ್ಲಿ ಹೊಟ್ಟೆ ಮಾತ್ರ ಅಲ್ಲ, ತೊಡೆ, ಗಂಟಲ ಕೆಳಗೆಲ್ಲ ಊದಿ ಚರ್ಮ ಬಿಗಿಯುತ್ತದೆ, ಒಳಗೆ ನೀರು ನಿಂತಿರುವುದು ಕಾಣುತ್ತದೆ, ಕಪ್ಪೆ ಮುಳುಗಲಾರದೆ ತೇಲುತ್ತದೆ. ಹಾಗಾದರೆ ಕಾಯಬೇಡಿ. ಎಕ್ಸಾಟಿಕ್ (ನಾಯಿ, ಬೆಕ್ಕು ಬಿಟ್ಟು ಬೇರೆ ಅಪರೂಪದ) ಪ್ರಾಣಿ ನೋಡುವ ಪಶುವೈದ್ಯರ ಹತ್ತಿರ ಅದೇ ದಿನ ಹೋಗಿ. ಮುಚ್ಚಳಕ್ಕೆ ತೂತಿರುವ ಡಬ್ಬಿಯಲ್ಲಿ, ಮೈ ಮುಳುಗುವಷ್ಟು ಅದೇ ಟ್ಯಾಂಕಿನ ನೀರು ಹಾಕಿ ಒಯ್ಯಿರಿ. ಬೇರೆ ಬಾಟಲಿಯಲ್ಲಿ ಟ್ಯಾಂಕ್ ನೀರಿನ ಸ್ಯಾಂಪಲ್ ಕೂಡ. ಸೂಜಿಯಿಂದ ನೀರು ತೆಗೆಯುವುದು, ಆಂಟಿಬಯೋಟಿಕ್ ಎಲ್ಲ ಅವರೇ ಮಾಡಬೇಕು. ಮನೆಯಲ್ಲಿ ಪ್ರಯತ್ನ ಬೇಡ.

ಊಟಕ್ಕೆ ಎರೆಹುಳುವಿನಷ್ಟು ಒಳ್ಳೆಯದು ಬೇರೆ ಇಲ್ಲ. ಗೊಬ್ಬರ ಔಷಧ ಹಾಕದ ಕೈತೋಟದ್ದು, ತೊಳೆದು, ಚಿಕ್ಕದಾಗಿ ಕತ್ತರಿಸಿ. ಎರೆಗೊಬ್ಬರದ ಕೆಂಪು ಹುಳುವನ್ನು ಕೆಲವು ಕಪ್ಪೆಗಳು ಬಾಯಿಗೆ ಹಾಕಿ ಉಗುಳುತ್ತವೆ. ಮುಳುಗುವ ಮಾಂಸಾಹಾರಿ ಪೆಲೆಟ್, ಬ್ಲಡ್ ವರ್ಮ್ ಜೊತೆಗಿರಲಿ. ಮರಿಗಳಿಗೆ ದಿನಾ ಸ್ವಲ್ಪ, ಬೆಳೆದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ಅವು ಕೊಟ್ಟಷ್ಟೂ ತಿನ್ನುತ್ತವೆ, ಅದನ್ನು ನೋಡಿ ಕೈ ಸಡಿಲ ಮಾಡಬೇಡಿ. ಚರಂಡಿಯಿಂದ ಹಿಡಿದ ಟ್ಯೂಬಿಫೆಕ್ಸ್ ಹುಳು ಬೇಡ. ಕೋಳಿ, ಕುರಿ ಮಾಂಸದ ಚೂರು ರೂಢಿ ಮಾಡಬೇಡಿ. ಹಾಗೇ, ಜೊತೆಗೆ ಪ್ಲೆಕೋ ಅಥವಾ ಕೋರಿಡೋರಾಸ್ ಮೀನು ಬಿಡಬೇಡಿ. ಅವುಗಳ ಮುಳ್ಳು ಕಪ್ಪೆಯ ಬಾಯಲ್ಲಿ ಸಿಕ್ಕಿಕೊಂಡು ಎರಡೂ ಸಾಯುತ್ತವೆ.

ಬಳ್ಳಾರಿ ಬಿಸಿಲು

ನಮ್ಮ ಅಣ್ಣನ ಮಗನ ಹತ್ತಿರವೂ ಇಂಥ ಬಿಳಿ ಕಪ್ಪೆ ಇದೆ, ಇಲ್ಲಿಯ ಬಿಸಿಲಿಗೆ ನೋಡಿಕೊಳ್ಳಲು ಆಗುತ್ತಿಲ್ಲ. ಊರ ಕೆರೆಗೆ ಬಿಟ್ಟರೆ ಅದರ ಪಾಡಿಗೆ ಅದು ಬದುಕಿಕೊಳ್ಳುತ್ತೆ ಅಂತಿದ್ದಾನೆ. ತಪ್ಪೇನಿದೆ?

ಜೀವಶಾಸ್ತ್ರ ಮೇಷ್ಟ್ರು

ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ, ಹುಡುಗನಿಗೆ ಇವತ್ತೇ ಫೋನ್ ಮಾಡಿ.

ಸಾಯುತ್ತದೋ ಬದುಕುತ್ತದೋ, ಎರಡೂ ಕೆಟ್ಟದ್ದೇ. ಬದುಕಿದರೆ ಇನ್ನೂ ಕೆಟ್ಟದ್ದು. ಬಸಿರಿನ ಪರೀಕ್ಷೆಗೆ, ಪ್ರಯೋಗಾಲಯಕ್ಕೆ, ಸಾಕಲಿಕ್ಕೆ ಅಂತ ಜಗತ್ತೆಲ್ಲ ಸಾಗಿಸಿದ ಈ ಕಪ್ಪೆಗಳು ಚಿಲಿ, ಫ್ರಾನ್ಸ್, ಸಿಸಿಲಿ, ಅಮೆರಿಕದಲ್ಲಿ ಕಾಡಿನ ನೀರಿಗೆ ಸೇರಿ ಹರಡಿವೆ. ಅಲ್ಲಿನ ಮೀನುಮರಿ, ಗೊದಮೊಟ್ಟೆ, ಹುಳ ಎಲ್ಲ ತಿನ್ನುತ್ತವೆ. ಕೈಟ್ರಿಡ್ ಹೊತ್ತಿದ್ದರೆ ಅದನ್ನೂ ಹಂಚುತ್ತವೆ. ಆ ಶಿಲೀಂಧ್ರ ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈಗಾಗಲೇ ಪತ್ತೆಯಾಗಿದೆ. ಬೇರೆಲ್ಲೂ ಇಲ್ಲದ ಎಷ್ಟು ಜಾತಿಯ ಕಪ್ಪೆಗಳು ಆ ಘಟ್ಟದಲ್ಲಿವೆ! ಹೊಸ ತಳಿಯ ರೋಗ ನಾವೇ ಒಯ್ದು ಬಿಡುವುದಾ?

ಹೊರದೇಶದ್ದೇ ಆಗಬೇಕೆಂದಿಲ್ಲ. ಮಳೆಗಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗಿ ಗದ್ದೆಯಲ್ಲಿ ಕೂಗುವ ನಮ್ಮ ದೊಡ್ಡ ಗೊಂಕರುಗಪ್ಪೆ ಇದೆಯಲ್ಲ, ಅದು ಅಂಡಮಾನಿಗೆ ಸೇರಿ ಈಗ ಅಲ್ಲಿಯ ಕಪ್ಪೆಗಳಿಗೆ ಕಂಟಕವಾಗಿದೆ. ಅದರ ಗೊದಮೊಟ್ಟೆಗಳು ಅಲ್ಲಿಯ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಇಲ್ಲಿ ಹಿತವಾದ ಪ್ರಾಣಿ ಅಲ್ಲಿ ಪಿಡುಗು.

ಫ್ರೀಮಾಂಟ್ ಕನ್ನಡತಿ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಹತ್ತಿರದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಗೋಲ್ಡನ್ ಗೇಟ್ ಪಾರ್ಕಿನ ಲಿಲಿ ಪಾಂಡ್ ಅನ್ನುವ ಒಂದೇ ಒಂದು ಕೊಳದಲ್ಲಿ ಈ ಕಪ್ಪೆ ಸೇರಿಕೊಂಡಿತ್ತು. ಅದನ್ನು ಅಲ್ಲಿಂದ ತೆಗೆಯಲು ವರ್ಷಗಟ್ಟಲೆ ಹೆಣಗಿದರು. ಒಂದು ಕೊಳಕ್ಕೇ ಅಷ್ಟು. ಕೆರೆಯಿಂದ ಕೆರೆಗೆ ಕೋಡಿ ಹರಿಯುವ ನಮ್ಮೂರುಗಳಲ್ಲಿ ಏನಾಗಬಹುದು ಊಹಿಸಿ.

ಕೆಂಗೇರಿ ಕೊಳ

ಬಳ್ಳಾರಿಯವರೇ, ತಂಪು ಊರಿನಲ್ಲಿ ಸಾಕುತ್ತಿರುವ ಯಾರಿಗಾದರೂ ಕೊಡಿಸಿ. ಇಲ್ಲಿಯೇ ಕೇಳಿ, ಯಾರೂ ಸಿಗದಿದ್ದರೆ ನಾನು ತೆಗೆದುಕೊಳ್ಳುತ್ತೇನೆ. ಮೊದಲು ಬೇರೆ ಟ್ಯಾಂಕಿನಲ್ಲಿ ಕೆಲವು ವಾರ ಪ್ರತ್ಯೇಕ ಇಟ್ಟು ಆಮೇಲೆ ಸೇರಿಸುತ್ತೇನೆ. ಇನ್ನೊಂದು ಮಾತು ಎಲ್ಲರಿಗೂ: ಕಪ್ಪೆ ಟ್ಯಾಂಕಿನಿಂದ ತೆಗೆದ ನೀರನ್ನು ಕೆರೆಗೆ, ರಾಜಕಾಲುವೆಗೆ ಸುರಿಯಬೇಡಿ. ಮನೆಯ ಟಾಯ್ಲೆಟ್ಟಿಗೆ ಹಾಕಿ.

ಬಳ್ಳಾರಿ ಬಿಸಿಲು

ಆಯ್ತು ಸರ್, ಹುಡುಗನಿಗೆ ಹೇಳಿದೆ. ಕೆರೆಗೆ ಬಿಡಲ್ಲ ಅಂದ. ನಿಮಗೆ ಮೆಸೇಜ್ ಮಾಡುತ್ತೇನೆ.

ಕರಾವಳಿ ಟ್ಯಾಂಕ್

ಜಯನಗರದ ಅಕ್ಕ, ಮನೆಯಲ್ಲಿ ಮಗು ಇದೆ ಅಂದಿರಿ, ಅದಕ್ಕೆ ಇದು. ಕಪ್ಪೆಗೆ ಏನೂ ಆಗದಿದ್ದರೂ ಅದರ ನೀರಲ್ಲಿ ಸಾಲ್ಮೊನೆಲ್ಲಾ ಇರಬಹುದು. ಅಮೆರಿಕದಲ್ಲಿ 2011ರ ಹೊತ್ತಿಗೆ ಡ್ವಾರ್ಫ್ ಕಪ್ಪೆಗಳಿಂದ ನೂರಾರು ಜನಕ್ಕೆ ಈ ಸೋಂಕು ಬಂದದ್ದು ದಾಖಲಾಗಿದೆ, ಹೆಚ್ಚಿನವರು ಪುಟ್ಟ ಮಕ್ಕಳು. ಬಹಳ ಮಕ್ಕಳು ಕಪ್ಪೆಯನ್ನು ಮುಟ್ಟಿಯೂ ಇರಲಿಲ್ಲ, ಟ್ಯಾಂಕಿನ ನೀರಿಂದಲೇ ಬಂದಿತ್ತು. ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪಿನಿಂದ ತೊಳೆಯಿರಿ. ಪೈಪು, ಸ್ಪಂಜು, ಬಕೆಟ್ ಯಾವುದನ್ನೂ ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಬಚ್ಚಲಿನಲ್ಲಿ ತೊಳೆದು ಆ ಜಾಗವನ್ನೂ ಉಜ್ಜಿ. ಆ ಬಕೆಟ್ ಕಪ್ಪೆಗೆ ಮಾತ್ರ ಇರಲಿ. ಟ್ಯಾಂಕಿಗೆ ಕೈ ಹಾಕುವ ಮೊದಲೂ ತೊಳೆದು, ಸೋಪು ಪೂರ್ತಿ ಹೋಗುವ ಹಾಗೆ ನೀರು ಬಿಟ್ಟುಕೊಳ್ಳಿ. ಸ್ಯಾನಿಟೈಸರ್, ಕ್ರೀಮ್ ಹಚ್ಚಿದ ಕೈ ನೀರಿಗೆ ಬೇಡ. ಕಪ್ಪೆಯನ್ನು ಕೈಯಲ್ಲಿ ಹಿಡಿಯುವುದು ಆಟವಾಗಬಾರದು.

ಜಯನಗರ ಮೀನುಮನೆ

ಸಿಹಿಸುದ್ದಿ! ಕಲ್ಲೆಲ್ಲ ತೆಗೆದ ಮೇಲೆ ಬೂದು ಕಪ್ಪೆ ಎರಡು ಹಸಿರು ಕಲ್ಲು ಹೊರಗೆ ಹಾಕಿತು. ಬರಿಗಾಜಿನ ಮೇಲೆ ಸ್ಪಷ್ಟವಾಗಿ ಕಂಡಿತು. ಹೊಟ್ಟೆ ಇಳಿದಿದೆ. ಕೆಂಗೇರಿಯ ಸರ್ ಹೇಳಿದ್ದು ಸರಿಯಾಗಿತ್ತು. ನಿನ್ನೆ ಎರೆಹುಳುವಿನ ಚೂರನ್ನು ಎರಡೂ ಕೈಯಿಂದ ತುರುಕಿಕೊಂಡು ತಿಂತು. ಅಮೋನಿಯಾ ಸೊನ್ನೆ, ನೈಟ್ರೈಟ್ ಈಗ ಸ್ವಲ್ಪ ತೋರಿಸುತ್ತಿದೆ.

ಇನ್ನೊಂದೇ ಪ್ರಶ್ನೆ. ಮುಂದಿನ ವಾರ ಹಬ್ಬಕ್ಕೆ ಊರಿಗೆ ಹೋಗುತ್ತೇವೆ, ನಾಲ್ಕು ದಿನ. ಪಕ್ಕದ ಮನೆಯವರಿಗೆ ಕಾಳಿನ ಡಬ್ಬಿ ಕೊಟ್ಟು ಹೋಗಲಾ?

ಹುಬ್ಬಳ್ಳಿ ಹವ್ಯಾಸಿ

ಭಾಳ ಛಲೋ ಸುದ್ದಿ ಅಕ್ಕಾರ! ನೈಟ್ರೈಟ್ ಬಂತು ಅಂದರೆ ಮೊದಲ ಬ್ಯಾಕ್ಟೀರಿಯಾ ನೆಲೆ ನಿಂತಿದೆ, ಎರಡನೆಯದು ಬರಬೇಕು. ಅದು ಸೊನ್ನೆಗೆ ಬರುವವರೆಗೆ ನೀರು ಬದಲಿಸುವುದು ನಿಲ್ಲಿಸಬೇಡಿ.

ಕಾಳಿನ ಡಬ್ಬಿ ಕೊಡಬೇಡಿ. ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ, ಉಳಿದದ್ದು ಕೊಳೆತು ಮತ್ತೆ ಅಮೋನಿಯಾ. ಹೊರಡುವ ಹಿಂದಿನ ದಿನ ಮೂರನೇ ಒಂದು ಭಾಗ ನೀರು ಬದಲಿಸಿ, ಸ್ವಲ್ಪ ಊಟ ಕೊಡಿ, ಉಳಿದದ್ದು ತೆಗೆಯಿರಿ. ಮುಚ್ಚಳದ ಮೇಲೆ ಭಾರ ಇಡಿ, ಕ್ಲಾಡ್ ಕಪ್ಪೆ ತಲೆಯಿಂದ ಎತ್ತುತ್ತದೆ. ಮರಿಗಳು ಅಂತ ನಿಮಗೆ ಮನಸ್ಸು ಒಪ್ಪದಿದ್ದರೆ, ಪೆಲೆಟ್ಟನ್ನು ಒಂದು ಹೊತ್ತಿಗೆ ಆಗುವಷ್ಟೇ ಕಾಗದದ ಪೊಟ್ಟಣ ಕಟ್ಟಿ, ಎರಡೇ ಪೊಟ್ಟಣ ಕೊಟ್ಟು ಹೋಗಿ. ಫಿಲ್ಟರ್ ಓಡುತ್ತಿದೆಯಾ ಅಂತ ದಿನಕ್ಕೊಮ್ಮೆ ನೋಡಲು ಹೇಳಿ, ನೀರಿಗೆ ಕೈ ಹಾಕುವುದು ಬೇಡ ಅಂತಲೂ ಹೇಳಿ. ಬಂದ ದಿನ ಮೊದಲು ಟೆಸ್ಟ್ ಮಾಡಿ, ನೈಟ್ರೈಟ್ ಎಷ್ಟಿದೆ ಅಂತ ಇಲ್ಲಿ ಹಾಕಿ.